ಬೀಗ ಒಡೆದವಳು

ಮಂಡ್ಯದ ಬಯಲು ರಂಗಮಂದಿರದ ವೇದಿಕೆಗೆ ಗಿಟಾರು ಹಿಡಿದು ಬಂದ ರಂಜಿತ, ಮುಂದಿನ ಸಾಲು ನೋಡಿದವಳೇ ಬೆವತುಬಿಟ್ಟಳು. ತೊಡೆಯ ಮೇಲೆ ವೈರು ಬ್ಯಾಗಿಟ್ಟುಕೊಂಡು, ಅವಳು ಬಿಟ್ಟು ಬಂದ ಗಂಡನ ತಾಯಿ ಪಟ್ಟಲಮ್ಮ ಕೂತಿದ್ದರು. ಮಳವಳ್ಳಿಯಿಂದ ಬಸ್ಸು ಹತ್ತಿ ಬಂದಿದ್ದಾರೆಂದರೆ ಜಗಳಕ್ಕೇ ಸರಿ.

“ಇವತ್ತು ಆ ಹಾಡು ಬೇಡ ವಂಶಿ,” ಎಂದಳು ಡ್ರಮ್ಮಿನವನಿಗೆ.

“ಜನ ಬಂದಿರೋದೇ ಅದಕ್ಕೆ. ಇನ್ನೂ ಅವರಿಗೆ ಹೆದರೋದಾದ್ರೆ ಆ ಮನೆ ಬಿಟ್ಟು ಯಾಕೆ ಬಂದೆ?”

ಮಾತು ಚುಚ್ಚಿತು. ರಂಜಿತ ಹಾಡಿಯೇಬಿಟ್ಟಳು. ಗಂಡ ಹೊಡೆದದ್ದು, ರಾತ್ರಿ ಎರಡೂ ಬಾಗಿಲಿಗೆ ಒಳಗಿನಿಂದ ಬೀಗ ಜಡಿದು ಬೀಗದ ಕೈ ಜೇಬಿಗಿಳಿಸಿ ಮಲಗುತ್ತಿದ್ದದ್ದು, ಕೊನೆಗೆ ‘ಒದ್ದೆ, ಬೀಗ ಒಡೆದೆ!’ ಎಂಬ ಪಲ್ಲವಿ. ನಿಜ ಹೇಳಬೇಕೆಂದರೆ ಅವಳು ಏನನ್ನೂ ಒಡೆದಿರಲಿಲ್ಲ. ಒಂದು ಬೆಳಗ್ಗೆ ರೊಟ್ಟಿಗೆಂದು ಕೈ ಹಾಕಿದರೆ ರಾಗಿ ಹಿಟ್ಟಿನ ಡಬ್ಬದಲ್ಲಿ ಬೀಗದ ಕೈ ಸಿಕ್ಕಿತ್ತು. ಕುಡಿದ ಅಮಲಿನಲ್ಲಿ ಗಂಡನೇ ಬೀಳಿಸಿರಬೇಕು ಅಂದುಕೊಂಡು, ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲು ತೆಗೆದು ಓಡಿದ್ದಳು. ಆದರೆ ರಾಗಿ ಹಿಟ್ಟಿನ ಡಬ್ಬ ಇಟ್ಟುಕೊಂಡು ಯಾರಾದರೂ ರಾಕ್ ಹಾಡು ಕಟ್ಟುತ್ತಾರೆಯೇ?

ಅವಳು ಮೂರನೇ ಸಲ ಬೀಗ ಒಡೆಯುವಷ್ಟರಲ್ಲಿ ಪಟ್ಟಲಮ್ಮ ವೇದಿಕೆ ಹತ್ತಿದ್ದರು.

“ಕೊಡಮ್ಮಿ ಮೈಕ.”

“ಅತ್ತೆ, ಜಗಳ ಬ್ಯಾಡಿ. ಇದು ನನ್ ಹಾಡು.”

“ಜಗಳ ಯಾರ್ ಆಡ್ತಾವ್ರೆ? ಊರೋರೆಲ್ಲ ಪೋನಲ್ಲಿ ನಿನ್ ಪದ ಕೇಳ್ಬುಟ್ಟು, ಒಡ್ದೋಗಿರೋ ಬೀಗ ನೋಡಕ್ಕೆ ಮನೇಗ್ ಬತ್ತಾವ್ರೆ. ಮದ್ವೇಲಿ ಬೀಗಿತ್ತೀರು ಅಂಗ್ಸಿ ಪದ ಏಳುದ್ರೆ ಪದದಲ್ಲೇ ಉತ್ರ ಕೊಡ್ಬೇಕು. ಸುಮ್ಗಿದ್ರೆ ಸೋತಂಗೆ.”

ಪಟ್ಟಲಮ್ಮ ಬ್ಯಾಗಿಗೆ ಕೈ ಹಾಕಿ ಒಂದು ಹಿತ್ತಾಳೆ ಬೀಗ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಅದರ ಮೇಲೆ ಒಂದು ಗೀರೂ ಇರಲಿಲ್ಲ. ಜನ ಶಿಳ್ಳೆ ಹೊಡೆದರು. ರಂಜಿತಳಿಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಯಿತು. ಅಷ್ಟರಲ್ಲಿ ಮುದುಕಿ ದನಿಯೆತ್ತಿದರು. ವಂಶಿಯ ಕೈ ತಾನಾಗಿ ಡ್ರಮ್ಮಿನ ಮೇಲೆ ಬಿತ್ತು.

“ಬೀಗ ಒಡ್ದೋಳೆ, ಬಾಯ್ಬಡ್ಕಿ ಸೊಸೆಯೆ ಸೋಬಾನೆ
ಒದ್ದೋಳೂ ನೀನಲ್ಲ, ಒಡ್ದೋಳೂ ನೀನಲ್ಲ ಸೋಬಾನೆ
ನನ್ ಮಗನ್ ಜೇಬಿಂದ ರಾಗಿಟ್ಟಿನ್ ಡಬ್ಬಕ್ಕೆ
ಬೀಗದ್ ಕೈ ತಾನೇ ನಡ್ಕಂಡ್ ಓಯ್ತೇನೆ ಸೋಬಾನೆ?”

ಜನ ‘ಒನ್ಸ್ ಮೋರ್’ ಎಂದು ಕಿರುಚಿದರು. ಪಟ್ಟಲಮ್ಮ ಮೈಕನ್ನು ಸೊಸೆಯ ಬಾಯಿಗೆ ಹಿಡಿದರು. “ಈಗ್ ನಿನ್ ಸರದಿ ಕಣವ್ವ, ಪದ ಏಳು.”

ರಂಜಿತ ಬಾಯಿ ತೆರೆದಳು, ಮುಚ್ಚಿದಳು. ಅಷ್ಟು ಜನರ ಮುಂದೆ ಅವಳು ಸೋತೇಹೋದಳು.