ಅವ್ವನ ಹೆಬ್ಬೆಟ್ಟು

ಬ್ಯಾಂಕಿನಲ್ಲಿ ಶಾಯಿಯ ವಾಸನೆ ಬಂದರೆ ಇಂದಿಗೂ ನನ್ನ ಹೆಬ್ಬೆರಳು ತಾನಾಗಿಯೇ ಮುಷ್ಟಿಯೊಳಗೆ ಸೇರಿಕೊಳ್ಳುತ್ತದೆ.

ಆಗ ನಾನು ನಾಲ್ಕನೆಯ ತರಗತಿ. ಗಣಿತದಲ್ಲಿ ನಪಾಸಾಗಿದ್ದೆ. ಪಾಲಕರ ಸಭೆಗೆ ಅವ್ವ ಒಮ್ಮೆಯೂ ಬಂದಿರಲಿಲ್ಲ. ಪಾಳಿಯ ನಡುವೆ ಹೊರಬಂದವರನ್ನು ಅವಳು ದುಡಿಯುತ್ತಿದ್ದ ಲಕಮನಹಳ್ಳಿಯ ಕಾರ್ಖಾನೆಯವರು ಮತ್ತೆ ಒಳಗೆ ಬಿಡುತ್ತಿರಲಿಲ್ಲ. ಓದು ಬಾರದ ಅವಳು ಅಂಕಪಟ್ಟಿಗೆ ಹೆಬ್ಬೆಟ್ಟು ಒತ್ತಬೇಕಿತ್ತು. ತೋರಿಸಲು ಧೈರ್ಯವಾಗದೆ ಪೆನ್ನಿನ ಶಾಯಿ ಹಚ್ಚಿ ನನ್ನದನ್ನೇ ಒತ್ತಿಬಿಟ್ಟೆ.

ನಮಗೆ ಕಲಿಸುತ್ತಿದ್ದ ಅಕ್ಕೋರು ಅದನ್ನು ಬಹಳ ಹೊತ್ತು ನೋಡಿದರು. ಮಧ್ಯಾಹ್ನ ನನ್ನ ಕೈ ಹಿಡಿದು ಕಾರ್ಖಾನೆಯ ಗೇಟಿಗೇ ನಡೆದರು. ಬೇಡವೆಂದು ದಾರಿಯುದ್ದಕ್ಕೂ ಅತ್ತೆ.

ಸುದ್ದಿ ಮುಟ್ಟಿದ್ದೇ ಅವ್ವ ಓಡಿ ಹೊರಗೆ ಬಂದಳು. "ನನ್ನ ಮಗಳಿಗೆ ಏನಾತ್ರಿ ಅಕ್ಕೋರ?"

"ಏನೂ ಆಗಿಲ್ರಿ. ಈ ಹೆಬ್ಬೆಟ್ಟು ನಿಮ್ಮದ ಏನ್ರಿ?"

ಅವ್ವ ಆ ಪುಟ್ಟ ಗುರುತನ್ನು ನೋಡಿದಳು. ಆಮೇಲೆ ನನ್ನ ಬೆರಳಿನ ಶಾಯಿಯನ್ನು.

"ಹೌದ್ರಿ, ನಂದ ಐತಿ. ಆಕಿನ್ನ ಸಾಲಿ ಮಾತ್ರ ಬಿಡಿಸಬ್ಯಾಡ್ರಿ."

ಅವಳ ಹಿಂದೆ ಗೇಟು ಮುಚ್ಚುತ್ತಿತ್ತು. ಅವಳು ತಿರುಗಿ ನೋಡಲಿಲ್ಲ. ಎಣ್ಣೆ ಕೂತು ಸೀಳು ಬಿಟ್ಟಿದ್ದ ತನ್ನ ದಪ್ಪ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಿಗಿಯಾಗಿ ಮುಚ್ಚಿಕೊಂಡು ನಿಂತಿದ್ದಳು.