ನಾಲ್ಕನೆಯ ಮಂಚ

“ಅವಳ್ನ ಜಗಲಿಗೆ ಆಕು ನರ್ಸಮ್ಮ, ನಾವು ಇರ್ತೀವಿ. ಇಲ್ಲ ಅಂದ್ರೆ ಈಗ್ಲೇ ಗಾಡಿ ಕಟ್ಟುಸ್ತೀನಿ,” ಎಂದು ದೇವಿರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. ಮೂರನೆಯ ಮಂಚದಲ್ಲಿ ಅವಳ ಸೊಸೆ ಮಂಗಳಮ್ಮ, ನಾಲ್ಕು ದಿನದ ಬಾಣಂತಿ, ಮೈ ಕೆಂಡವಾಗಿ ಮಲಗಿದ್ದಳು. ನಾಲ್ಕನೆಯದರಲ್ಲಿ ಅವರದೇ ಊರಿನ ಆಚೆಕೇರಿಯ ಪಟ್ಟಲಮ್ಮ, ಆಗಷ್ಟೇ ಹೆತ್ತ ಕೂಸನ್ನು ಅವುಚಿಕೊಂಡು ಗೋಡೆಗೆ ಮುಖ ಮಾಡಿದ್ದಳು.

ಮದ್ದೂರಿನ ಆ ಸಣ್ಣ ಹೆರಿಗೆ ವಾರ್ಡಿನಲ್ಲಿ ಮಂಚಗಳು ಎಂಟು. ಕೇರಿಯ ಹೆಂಗಸರ ಪಾಲಿಗೆ ಮಾತ್ರ ಇಷ್ಟು ದಿನವೂ ಹೊರಜಗಲಿಯ ಚಾಪೆ. ನರ್ಸ್ ಬಷೀರುನ್ನೀಸಾ ಎರಡು ವರ್ಷದಲ್ಲಿ ಮೂರು ಅರ್ಜಿ ಬರೆದು, ‘ಜಾತಿಭೇದವಿಲ್ಲದೆ ಮಂಚ ಕೊಡತಕ್ಕದ್ದು’ ಎಂಬ ಹುಕುಂ ತರಿಸಿದ್ದಳು. ಅದು ಬಂದು ವಾರವೂ ಆಗಿರಲಿಲ್ಲ. ಅವಳಿಗೂ ಒಳಗೊಂದು ಸಂಕಟವಿತ್ತೆನ್ನಿ. ಈ ಹೆಂಗಸರು ಅವಳ ಕೈಯಲ್ಲಿ ಹೆರಿಗೆ ಮಾಡಿಸಿಕೊಳ್ಳುತ್ತಿದ್ದರು, ಅವಳು ಮುಟ್ಟಿದ ನೀರು ಮಾತ್ರ ಕುಡಿಯುತ್ತಿರಲಿಲ್ಲ.

“ದೇವಿರಮ್ಮನೋರೇ, ಇದು ಸನ್ನಿಗೆ ತಿರುಗೋ ಜ್ವರ. ಇಳಿಯೋ ತನಕ ಸೊಸೇನ ಕದಲಿಸಬೇಡಿ.”

“ಅಂಗಾದ್ರೆ ಅವಳ್ನ ಎಬ್ಬುಸು.”

“ಸರ್ಕಾರದ ಹುಕುಂ ಇದೆ.”

“ಉಕುಂ ಮಡಿಕ್ಕಂಡು ನೀನೇ ಪೂಜೆ ಮಾಡ್ಕೊ ಓಗು.”

ಪಟ್ಟಲಮ್ಮ ಮೆಲ್ಲಗೆ ಕಾಲು ಕೆಳಗಿಳಿಸಿದಳು. “ನಾನು ಜಗಲೀಲೇ ಬಿದ್ಕೋತೀನಿ ಬುಡ್ರವ್ವಾ.” ಬಷೀರುನ್ನೀಸಾ ಅವಳ ಭುಜ ಹಿಡಿದು ಮತ್ತೆ ಮಲಗಿಸಿದಳು. ಇವತ್ತು ಬಗ್ಗಿದರೆ ಆ ಹುಕುಂ ಪುರಾಣದ ಬದನೆಕಾಯಿಯೇ ಸರಿ. ಮುದುಕಿ ಸುಮ್ಮನೆ ಹೆದರಿಸುತ್ತಿದ್ದಾಳೆ, ಈ ಸ್ಥಿತಿಯಲ್ಲಿ ಸೊಸೆಯನ್ನು ಯಾರು ತಾನೇ ಕರೆದೊಯ್ದಾರು ಎಂದೂ ಅಂದುಕೊಂಡಳು. ದೇವಿರಮ್ಮ ಕರೆದೊಯ್ದಳು. ಕಣ್ಣು ಬಿಡಲಾರದವಳನ್ನು ಆಸ್ಪತ್ರೆಯ ಕಂಬಳಿಯಲ್ಲೇ ಸುತ್ತಿ, ಕೂಸನ್ನು ತಾನೆತ್ತಿಕೊಂಡು ಗಾಡಿ ಹತ್ತಿದಳು. ಸಂಜೆಯೊಳಗೆ ಉಳಿದ ಮಂಚಗಳೂ ಒಂದೊಂದಾಗಿ ಖಾಲಿಯಾದವು.

ಮರುದಿನ ಬೆಳಿಗ್ಗೆ ಗಾಡಿಯ ಚಿಕ್ಕಬೋರಯ್ಯ ಬಂದು ಕಂಬಳಿಯನ್ನು ಮೆಟ್ಟಿಲ ಮೇಲಿಟ್ಟ. ನರ್ಸಮ್ಮನ ಮುಖ ನೋಡಲಿಲ್ಲ. “ಕೊಪ್ಪ ದಾಟ್ಲಿಲ್ಲ ಕಣ್ರಮ್ಮ, ದಾರೀಲೇ ಓಗ್ಬುಟ್ರು. ಕೂಸು ಅದೆ.”

ಬಷೀರುನ್ನೀಸಾ ಕಂಬಳಿಯನ್ನು ಎತ್ತಿಕೊಂಡು ಮಡಿಸಿದಳು. ಪಟ್ಟಲಮ್ಮನಿಗೆ ‘ಎದ್ದು ಹೋಗು’ ಎಂದು ಒಂದು ಮಾತು ಹೇಳಿದ್ದರೆ ಮಂಗಳಮ್ಮ ಉಳಿಯುತ್ತಿದ್ದಳೇನೋ. ಹೇಳದೆ ಹೋದದ್ದು ತಪ್ಪು ಅನ್ನಲೂ ಅವಳಿಗೆ ಬಾಯಿ ಬರಲಿಲ್ಲ.

ಒಳಗೆ ಪಟ್ಟಲಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮಂಚದ ಬಟ್ಟೆ ಸರಿಮಾಡಿ, ಕೂಸನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದಳು.

“ಮೇಲೆ ಮಲಗು. ಇನ್ನು ನಿನ್ನ ಏಳಿಸೋರು ಯಾರೂ ಇಲ್ಲ.”

“ಮನೀಕಂಡು ಏನ್ಮಾಡ್ಲವ್ವಾ? ನಾನು ಅದೇ ಊರಿಗೆ ಓಗ್ಬೇಕು, ಅವ್ರ ಗದ್ದೇಲೇ ಕಳೆ ಕೀಳ್ಬೇಕು.” ಪಟ್ಟಲಮ್ಮ ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. “ನೀವು ಅರ್ಜಿ ಚೆಂದಾಗಿ ಬರೀತೀರಂತಲ್ಲ. ನಂಗೂ ಒಂದು ಕಾಗ್ದ ಬರ್ಕೊಡಿ. ಮಂಚ ನಾನು ಕೇಳ್ಲಿಲ್ಲ ಅಂತ.”