ಕಡಲಿಗೆ ಬೆನ್ನು

ಪರದೇಶದ ಕಡಲತೀರಕ್ಕೆ ತಾನು ಕರೆತಂದ ಪ್ರವಾಸಿಗರಿಗೆಲ್ಲ ಹೇಳಿ ಹೇಳಿ ಗೈಡ್ ನಳಿನಿಯ ಗಂಟಲು ಒಣಗಿತ್ತು. ಬಿಸಿಲು ಜಾಸ್ತಿ, ಕಪ್ಪು ಕನ್ನಡಕ ತೆಗೆಯಬೇಡಿ. ನೀರು ಕುಡಿಯುತ್ತಿರಿ. ಕೆಂಪು ಬಾವುಟ ದಾಟಬೇಡಿ. ಈಗ ಎಲ್ಲರೂ ಸೂರ್ಯಾಸ್ತಕ್ಕೆ ಕಾದಿದ್ದರೆ, ಅವಳೊಬ್ಬಳು ಕಡಲಿಗೆ ಬೆನ್ನು ಹಾಕಿ ಅವರನ್ನೇ ಕಾಯುತ್ತಿದ್ದಳು.

ಬೆಂಚಿನ ಮೇಲಿದ್ದ ಅಜ್ಜಿ ಕೇಳಿದರು, "ನಿನ್ನ ದನಿ ಈ ಕಡೆಗೇ ಬರ್ತಿದೆಯಲ್ಲೇ. ನೀನು ನೋಡಲ್ವಾ?"

"ಇಷ್ಟು ವರ್ಷದಲ್ಲಿ ಒಂದ್ಸಲಾನೂ ನೋಡಿಲ್ಲ ಅಜ್ಜಿ. ಆ ಕಡೆ ತಿರುಗಿದ್ರೆ ಸಾಕು, ಯಾರಾದ್ರೂ ನೀರಿಗಿಳೀತಾರೆ."

"ಇವರನ್ನ ನಾನು ನೋಡ್ಕೋತೀನಿ. ನೀನು ತಿರುಗು."

ನಳಿನಿ ತಿರುಗಿದಳು. ಸೂರ್ಯ ನೀರಿನಲ್ಲಿ ಪೂರ್ತಿ ಕರಗುವವರೆಗೂ ಮೈಮರೆತು ನಿಂತಳು.

"ಎಲ್ಲರೂ ಇದ್ದಾರಾ ಅಜ್ಜಿ?"

ಅಜ್ಜಿ ಕಪ್ಪು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

"ನಂಗೇನು ಗೊತ್ತು ಮಗಳೇ, ಎರಡು ಕಣ್ಣೂ ಕಾಣಲ್ಲ. ಹೆಂಗಿತ್ತು, ನಿಧಾನವಾಗಿ ಹೇಳು."